ನೀರು ಕುಡಿಯದ ಇಲಿ

ಗಂಗೊಳ್ಳಿ ಬಂದರಿನಿಂದ ಹೊರಡುವ ಬೋಟಿಗೆ ಬಲೆ, ಡೀಸೆಲ್, ಮಂಜುಗಡ್ಡೆಗಳ ಜೊತೆ ಕುಡಿಯುವ ನೀರನ್ನೂ ಹೇರಲೇಬೇಕು. ಕಣ್ಣು ಹಾಯುವಷ್ಟು ದೂರ ನೀರೇ ಇದ್ದರೂ ಅದರಲ್ಲಿ ಒಂದು ಗುಟುಕೂ ಬಾಯಾರಿಕೆಗೆ ಆಗುವುದಿಲ್ಲವೆಂದು ಕರಾವಳಿಯ ಮಗುವಿಗೂ ಗೊತ್ತು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳು ಕೂಡಿ ಕಡಲು ಸೇರುವ ಪಂಚಗಂಗಾವಳಿಯ ಆಸುಪಾಸಿನವರಿಗಂತೂ ಈ ಸಂಕಟ ಮನೆಬಾಗಿಲಿಗೇ ಬರುತ್ತದೆ. ಮಳೆಗಾಲದಲ್ಲಿ ತುಂಬಿ ತುಳುಕಿದ ಬಾವಿ ಬೇಸಿಗೆ ಬಲಿತಾಗ ಉಪ್ಪಾಗುತ್ತದೆ. ಕಿಂಡಿ ಅಣೆಕಟ್ಟಿನ ಹಲಗೆ ಹೊತ್ತಿಗೆ ಸರಿಯಾಗಿ ಹಾಕದಿದ್ದರೆ ಭರತದ ನೀರು ಗದ್ದೆಗೂ ನುಗ್ಗುತ್ತದೆ.

ಉಪ್ಪುನೀರು ಕುಡಿದರೆ ಬಾಯಾರಿಕೆ ಇನ್ನಷ್ಟು ಹೆಚ್ಚುತ್ತದೆ ಎಂಬಲ್ಲಿಗೆ ನಮ್ಮೆಲ್ಲರ ತಿಳಿವಳಿಕೆ ನಿಲ್ಲುತ್ತದೆ. ಯಾಕೆ ಹೆಚ್ಚುತ್ತದೆ? ಕಾರಣದ ಅರ್ಧ ಭಾಗ ಮೀನು ಒಣಗಿಸುವ ಅಂಗಳದಲ್ಲೇ ಕಾಣಸಿಗುತ್ತದೆ. ಸೀಳಿದ ಮೀನಿಗೆ ಉಪ್ಪು ಸವರಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಅದು ನೀರು ಬಿಡುತ್ತದೆ. ಉಪ್ಪು ಎಲ್ಲಿ ಹೆಚ್ಚಿದೆಯೋ ನೀರು ಅತ್ತ ಸರಿಯುತ್ತದೆ. ಕಡಲನೀರು ಕುಡಿದವನ ಮೈಯಲ್ಲಿ ನಡೆಯುವುದೂ ಇದೇ.

ಇಷ್ಟು ತಿಳಿದ ಮೇಲೆ ಈ ಸಂಗತಿ ಕೇಳಿ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದೊಂದು ಮರುಭೂಮಿಯ ಇಲಿಗೆ ಬರೀ ಕಡಲನೀರನ್ನೇ ಕುಡಿಯಲು ಕೊಟ್ಟರೂ ಅದು ಬದುಕುತ್ತದೆ. ತನ್ನ ಊರಿನಲ್ಲಿ ಅದಕ್ಕೆ ಆ ನೀರೂ ಬೇಕಿಲ್ಲ. ಹುಟ್ಟಿನಿಂದ ಸಾಯುವವರೆಗೆ ಒಂದು ಹನಿಯನ್ನೂ ಕುಡಿಯದೆ, ಒಣಗಿದ ಬೀಜಗಳನ್ನಷ್ಟೇ ತಿಂದು ಕಾಲ ಕಳೆಯಬಲ್ಲದು. ಅದರ ದೇಹವೂ ನಮ್ಮದರಂತೆ ರಕ್ತಮಾಂಸಗಳದ್ದೇ, ಅದರ ತೂಕದಲ್ಲಿಯೂ ಮೂರರಲ್ಲಿ ಎರಡು ಪಾಲು ನೀರೇ. ಆ ನೀರು ಎಲ್ಲಿಂದ ಬರುತ್ತದೆ, ಬಂದದ್ದು ಹೇಗೆ ಉಳಿಯುತ್ತದೆ?

ಒಂದು ಲೀಟರ್ ಕಡಲನೀರಿನ ಲೆಕ್ಕ

ಮೊದಲು ನಮ್ಮ ಸೋಲಿನ ಲೆಕ್ಕ ನೋಡೋಣ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶಗಳಿವೆ. ಕುಡಿದರೆ ಅಷ್ಟೂ ರಕ್ತಕ್ಕೆ ಸೇರುತ್ತದೆ. ಅದನ್ನು ಹೊರಹಾಕುವ ಕೆಲಸ ಮೂತ್ರಪಿಂಡಗಳದ್ದು. ಆದರೆ ಮನುಷ್ಯನ ಮೂತ್ರಪಿಂಡ ಎಷ್ಟೇ ತಿಣುಕಿದರೂ ಒಂದು ಲೀಟರ್ ಮೂತ್ರದಲ್ಲಿ ಸುಮಾರು 22 ಗ್ರಾಂ ಉಪ್ಪನ್ನಷ್ಟೇ ತುಂಬಿಸಿ ಕಳಿಸಬಲ್ಲದು. ಹಾಗಾಗಿ 35 ಗ್ರಾಂ ಉಪ್ಪು ಹೊರಹೋಗಲು ಹತ್ತಿರ ಹತ್ತಿರ ಒಂದೂವರೆ ಲೀಟರ್ ಮೂತ್ರ ಬೇಕು. ಒಳಗೆ ಬಂದದ್ದು ಒಂದು ಲೀಟರ್, ಹೊರಗೆ ಹೋಗಬೇಕಾದ್ದು ಒಂದೂವರೆ. ಕೊರತೆಯ ಅರ್ಧ ಲೀಟರನ್ನು ದೇಹ ತನ್ನ ಜೀವಕೋಶಗಳಿಂದ ಹಿಂಡಿ ಕೊಡಬೇಕಾಗುತ್ತದೆ. ಎರಡನೆಯ ಲೀಟರ್ ಕುಡಿದರೆ ಕೊರತೆ ಇಮ್ಮಡಿಯಾಗುತ್ತದೆ.

ಮರುಭೂಮಿಯ ಇಲಿಯ ಮೂತ್ರದಲ್ಲಿ ಉಪ್ಪು ಕಡಲನೀರಿನ ಎರಡು ಪಟ್ಟಿನಷ್ಟು ಇರಬಲ್ಲದು. ಅದು ಕಡಲನೀರು ಕುಡಿದರೆ ಅರ್ಧದಷ್ಟರಲ್ಲಿ ಉಪ್ಪನ್ನೆಲ್ಲ ಕಟ್ಟಿ ಕಳಿಸಿ, ಉಳಿದರ್ಧವನ್ನು ಸಿಹಿನೀರಾಗಿ ತನಗೆ ಉಳಿಸಿಕೊಳ್ಳುತ್ತದೆ. ಕಡಲನೀರನ್ನು ಸಿಹಿ ಮಾಡಲು ನಾವು ದೊಡ್ಡ ಯಂತ್ರಸ್ಥಾವರಗಳನ್ನು ಕಟ್ಟುತ್ತೇವೆ. ಈ ಪ್ರಾಣಿಯಲ್ಲಿ ಆ ಕೆಲಸವನ್ನು ಕಾಳಿನಷ್ಟು ಸಣ್ಣ ಅಂಗವೊಂದು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ.

ಘಟ್ಟದ ಮೇಲಿನ ಜರ್ಬಿಲ್

ಮರುಭೂಮಿ ಎಂದೊಡನೆ ಸಹಾರಾ, ಅರೇಬಿಯಾ ಎಂದು ಮನಸ್ಸು ಓಡುತ್ತದೆ. ಅಷ್ಟು ದೂರ ಹೋಗಬೇಕಿಲ್ಲ. ಕುಂದಾಪುರದಿಂದ ಘಟ್ಟ ಹತ್ತಿ, ಮಲೆನಾಡು ದಾಟಿ ಬಯಲುಸೀಮೆಗೆ ಇಳಿದರೆ ಇಂಥದೊಂದು ಪ್ರಾಣಿ ಹೊಲದ ಬದುವಿನಲ್ಲೇ ಇದೆ. ಜರ್ಬಿಲ್ ಎಂದು ಅದರ ಹೆಸರು. ಪ್ರಾಣಿಶಾಸ್ತ್ರಜ್ಞರು ಟಟೇರಾ ಇಂಡಿಕಾ ಎಂದು ಗುರುತಿಸುವ ಈ ಇಲಿ ಪಶ್ಚಿಮ ಏಷ್ಯಾದಿಂದ ಇರಾನ್, ಪಾಕಿಸ್ತಾನ, ಭಾರತ ಹಾದು ಶ್ರೀಲಂಕಾದವರೆಗೆ ಹರಡಿದೆ. ಬೆನ್ನು ಮಣ್ಣಿನ ಬಣ್ಣ, ಹೊಟ್ಟೆ ಬೆಳ್ಳಗೆ, ಕಣ್ಣು ದೊಡ್ಡದು, ಹಿಂಗಾಲು ಉದ್ದ. ದೇಹಕ್ಕಿಂತ ಉದ್ದವಾದ ಬಾಲದ ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು. ಮನೆಯ ಮಾಡಿನಲ್ಲಿ ಓಡಾಡುವ ಇಲಿಗಿಂತ ಇದು ನೋಡಲು ಚೆಲುವಾದ ಪ್ರಾಣಿ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಹಗಲೆಲ್ಲ ಬಿಲದಲ್ಲಿದ್ದು ಕತ್ತಲಾದ ಮೇಲೆ ಹೊರಬರುವುದರಿಂದ ಇದನ್ನು ಕಂಡವರು ಕಡಿಮೆ.

ಕನ್ನಡ ನಾಡಿನ ಇಲಿಗಳನ್ನು ಮೊದಲು ಕೂಲಂಕಷವಾಗಿ ನೋಡಿ ಬರೆದಿಟ್ಟವರಲ್ಲಿ ವಾಲ್ಟರ್ ಎಲಿಯಟ್ ಮುಖ್ಯನು. ಕಿತ್ತೂರಿನ ಚರಿತ್ರೆ ಓದಿದವರಿಗೆ ಈ ಹೆಸರು ಪರಿಚಿತ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಕಾಳಗದಲ್ಲಿ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಈತ ಒಬ್ಬ. ಆಮೇಲೆ ಬಿಡುಗಡೆಯಾದ. ಧಾರವಾಡದ ಸೀಮೆಯಲ್ಲಿ ಇದ್ದಷ್ಟು ಕಾಲ ಶಾಸನಗಳನ್ನು ಸಂಗ್ರಹಿಸಿದ, ಪ್ರಾಣಿಗಳನ್ನು ಗಮನಿಸಿದ. 1839ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಆ ಸೀಮೆಯ ಸಸ್ತನಿಗಳ ಪಟ್ಟಿ ಪ್ರಕಟಿಸಿದ. ಅದರಲ್ಲಿ ಜರ್ಬಿಲ್ ಇದೆ. ಬಿಲದೊಳಗೆ ಸಣ್ಣ ಸಣ್ಣ ಕಲ್ಲುಗಳನ್ನು ಹಾಸಿಕೊಳ್ಳುವ ಮುಳ್ಳುಗೂದಲಿನ ಇಲಿಯಿದೆ. ಎರೆಭೂಮಿಯ ಬಿರುಕುಗಳಲ್ಲಿ ಸಂಸಾರ ಹೂಡುವ ಮೆತ್ತನೆಯ ತುಪ್ಪಳದ ಇಲಿಯೂ ಇದೆ. ಈ ಇಲಿಗಳ ಬಿಲ ಎಲ್ಲಿ, ಒಳಗೆ ಕಾಳು ಎಷ್ಟು ಎಂಬುದನ್ನೆಲ್ಲ ಚೆನ್ನಾಗಿ ಬಲ್ಲವರು ಅಲ್ಲಿನ ವಡ್ಡರು. ಎಲಿಯಟ್ ಅವರಿಂದಲೇ ಕೇಳಿ ತಿಳಿದ, ಅವರು ಇಟ್ಟ ಹೆಸರುಗಳನ್ನೇ ಬರೆದುಕೊಂಡ.

ಇನ್ನೂ ಉತ್ತರಕ್ಕೆ, ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಜರ್ಬಿಲ್‌ಗಳದೇ ರಾಜ್ಯ. ಮರಳದಿಬ್ಬದ ಮೇಲೆ ಇರುವುದು ಒಂದು ಜಾತಿ, ಗಟ್ಟಿನೆಲದಲ್ಲಿ ಇನ್ನೊಂದು. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆಯಲ್ಲಿ ಈಶ್ವರ ಪ್ರಕಾಶ್ ದಶಕಗಳ ಕಾಲ ಇವುಗಳ ಬದುಕನ್ನೇ ಅಧ್ಯಯನ ಮಾಡಿದರು.

ಕೂಡಿಟ್ಟ ನೀರು ಇಲ್ಲ

ನೀರಿಲ್ಲದ ಕಡೆ ಬದುಕುವ ಪ್ರಾಣಿ ಎಲ್ಲೋ ನೀರು ಬಚ್ಚಿಟ್ಟುಕೊಂಡಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಒಂಟೆಯ ಡುಬ್ಬದಲ್ಲಿ ನೀರಿದೆ ಎಂಬ ಸುಳ್ಳು ಇನ್ನೂ ಸಾಯದಿರುವುದು ಅದಕ್ಕೇ. ಅಲ್ಲಿರುವುದು ಕೊಬ್ಬು.

ಈ ಊಹೆಯನ್ನು ಪರೀಕ್ಷೆಗೆ ಒಡ್ಡಿದವರು ನಾರ್ವೆಯ ಕ್ನುಟ್ ಶ್ಮಿಟ್-ನೀಲ್ಸನ್ ಮತ್ತು ಡೆನ್ಮಾರ್ಕಿನ ಬೋಡಿಲ್ ಶ್ಮಿಟ್-ನೀಲ್ಸನ್ ದಂಪತಿ. ಬೋಡಿಲ್ ನೊಬೆಲ್ ಪ್ರಶಸ್ತಿ ಪಡೆದ ಆಗಸ್ಟ್ ಕ್ರೋಗ್ ಅವರ ಮಗಳು. 1940ರ ದಶಕದ ಕೊನೆಯಲ್ಲಿ ಇಬ್ಬರೂ ಅಮೆರಿಕದ ಅರಿಜೋನಾ ಮರುಭೂಮಿಗೆ ಹೋಗಿ ಅಲ್ಲಿನ ಕಾಂಗರೂ ಇಲಿಯನ್ನು ಕೈಗೆತ್ತಿಕೊಂಡರು. ಅದು ಕಾಂಗರೂ ಅಲ್ಲ, ನಮ್ಮ ಜರ್ಬಿಲ್‌ಗೆ ಹತ್ತಿರದ ಸಂಬಂಧಿಯೂ ಅಲ್ಲ. ಆದರೂ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ದಾಯಾದಿಗಳೆಂದು ನಂಬುವಷ್ಟು ಹೋಲಿಕೆ. ಅದೇ ಉದ್ದ ಹಿಂಗಾಲು, ಅದೇ ಕುಚ್ಚಿನ ಬಾಲ, ಅದೇ ಇರುಳ ಸಂಚಾರ. ಆಫ್ರಿಕಾ ಮತ್ತು ಏಷ್ಯಾದ ಜರ್ಬೋವಾ, ಆಸ್ಟ್ರೇಲಿಯಾದ ಜಿಗಿಯುವ ಇಲಿಗಳದ್ದೂ ಇದೇ ರೂಪ. ಒಂದಕ್ಕೊಂದು ಗೊತ್ತಿಲ್ಲದ ಖಂಡಗಳಲ್ಲಿ ಬರಗಾಲ ಎಂಬ ಒಂದೇ ಗುರು ಇವಕ್ಕೆಲ್ಲ ಪಾಠ ಹೇಳಿದ್ದಾನೆ.

ದಂಪತಿ ಕಾಂಗರೂ ಇಲಿಗಳನ್ನು ವಾರಗಟ್ಟಲೆ ಒಣ ಬಾರ್ಲಿ ಕಾಳಿನ ಮೇಲೆ ಸಾಕಿದರು. ನೀರು ಕೊಡಲಿಲ್ಲ, ಹಸಿ ಎಲೆ ಕೊಡಲಿಲ್ಲ. ಇಲಿಗಳು ಸೊರಗಲಿಲ್ಲ. ಆಮೇಲೆ ಅವುಗಳ ದೇಹದಲ್ಲಿದ್ದ ನೀರಿನ ಪಾಲನ್ನು ಅಳೆದು, ಹಸಿ ತಿಂದುಕೊಂಡಿದ್ದ ಇಲಿಗಳೊಂದಿಗೆ ಹೋಲಿಸಿದರು. ವ್ಯತ್ಯಾಸ ಕಾಣಲಿಲ್ಲ. ಕೂಡಿಟ್ಟ ನೀರಿನಿಂದ ಬದುಕಿದ್ದರೆ ಆ ಗಂಟು ಕರಗಬೇಕಿತ್ತು. ಕರಗಿರಲಿಲ್ಲ. ಅಂದರೆ ದಿನದಿನವೂ ಎಲ್ಲಿಂದಲೋ ನೀರು ಬರುತ್ತಿದೆ, ಬಂದಷ್ಟರಲ್ಲೇ ಖರ್ಚು ಮುಗಿಯುತ್ತಿದೆ.

ಬರುವುದು ಕಾಳಿನಿಂದಲೇ. ಯಾವ ಆಹಾರದಲ್ಲಿಯೂ ಹೈಡ್ರೋಜನ್ ಇರುತ್ತದೆ. ದೇಹದೊಳಗೆ ಅದು ಉಸಿರಿನ ಆಮ್ಲಜನಕದೊಡನೆ ಕೂಡಿ ಉರಿದಾಗ ಶಕ್ತಿಯ ಜೊತೆಗೆ ನೀರೂ ಹುಟ್ಟುತ್ತದೆ. ಇದನ್ನು ಒಳಹುಟ್ಟು ನೀರು ಎಂದು ಕರೆಯೋಣ. ನೂರು ಗ್ರಾಂ ಪಿಷ್ಟ ಉರಿದರೆ ಸುಮಾರು 56 ಗ್ರಾಂ ನೀರು, ನೂರು ಗ್ರಾಂ ಕೊಬ್ಬು ಉರಿದರೆ 107 ಗ್ರಾಂ. ಕೊಬ್ಬಿನ ತೂಕಕ್ಕಿಂತ ಅದರಿಂದ ಬಂದ ನೀರಿನ ತೂಕವೇ ಹೆಚ್ಚು, ಏಕೆಂದರೆ ಅದರಲ್ಲಿ ಗಾಳಿಯ ಆಮ್ಲಜನಕವೂ ಸೇರಿದೆ. ಇದು ಇಲಿಯೊಂದರ ವಿದ್ಯೆ ಏನಲ್ಲ. ನಮ್ಮ ದೇಹದಲ್ಲೂ ದಿನಕ್ಕೆ ಸುಮಾರು 300 ಮಿಲಿಲೀಟರ್ ಒಳಹುಟ್ಟು ನೀರು ತಯಾರಾಗುತ್ತದೆ. ನಮ್ಮ ಖರ್ಚಿನ ಎದುರಿಗೆ ಅದು ಲೆಕ್ಕಕ್ಕಿಲ್ಲ.

ಕಾಂಗರೂ ಇಲಿಯ ಜಮಾಖರ್ಚನ್ನು ಶ್ಮಿಟ್-ನೀಲ್ಸನ್ ದಂಪತಿ ಗ್ರಾಂ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ನೂರು ಗ್ರಾಂ ಬಾರ್ಲಿ ತಿಂದು ಮುಗಿಸಲು ಅದಕ್ಕೆ ಸುಮಾರು ನಾಲ್ಕು ವಾರ ಬೇಕು. ಆ ಅವಧಿಯಲ್ಲಿ ಒಳಹುಟ್ಟು ನೀರು 54 ಗ್ರಾಂ, ಕಾಳು ಗಾಳಿಯಿಂದ ಹೀರಿಕೊಂಡಿದ್ದ ತೇವ 6 ಗ್ರಾಂ, ಒಟ್ಟು 60 ಗ್ರಾಂ. ಖರ್ಚಿನ ಕಡೆ ಮೂತ್ರದಲ್ಲಿ 13.5 ಗ್ರಾಂ, ಹಿಕ್ಕೆಯಲ್ಲಿ 2.6 ಗ್ರಾಂ, ಉಸಿರು ಮತ್ತು ಚರ್ಮದಿಂದ ಆವಿಯಾದದ್ದು 43.9 ಗ್ರಾಂ. ಕೂಡಿದರೆ ಸರಿಯಾಗಿ 60. ನಾಲ್ಕು ವಾರದ ಒಟ್ಟು ವ್ಯವಹಾರ ನಮ್ಮ ಒಂದು ಸಣ್ಣ ಲೋಟ ಕಾಫಿಯಷ್ಟೂ ಇಲ್ಲ.

ಈ ಲೆಕ್ಕದಲ್ಲಿ ಗಮನಿಸಬೇಕಾದ್ದು ಕೊನೆಯ ಅಂಕಿ. ಮೂತ್ರಕ್ಕಿಂತ ಮೂರು ಪಟ್ಟು ನೀರು ಗಾಳಿಗೆ ಹೋಗುತ್ತಿದೆ. ಉಸಿರಾಡುವ ಪ್ರಾಣಿ ಉಸಿರಿನ ತೇವವನ್ನು ತೆರಲೇಬೇಕು. ಈ ಬಾಗಿಲನ್ನು ಬಿಗಿಮಾಡದೆ ಮೂತ್ರವನ್ನು ಎಷ್ಟು ಗಟ್ಟಿ ಮಾಡಿಕೊಂಡರೂ ಇಲಿಗೆ ಉಳಿಗಾಲವಿಲ್ಲ.

ಮೂಗಿನಲ್ಲಿ ಮರಳುವ ನೀರು

ಒಣ ಗಾಳಿ ಮೂಗಿನಿಂದ ಒಳಹೋಗಿ ಶ್ವಾಸಕೋಶ ತಲುಪುವಷ್ಟರಲ್ಲಿ ದೇಹದಷ್ಟೇ ಬಿಸಿಯಾಗುತ್ತದೆ, ಹಿಡಿಸಿದಷ್ಟು ತೇವವನ್ನು ತುಂಬಿಕೊಳ್ಳುತ್ತದೆ. ಬಿಸಿಗಾಳಿಗೆ ಹಿಡಿಸುವ ತೇವ ಹೆಚ್ಚು, ತಣ್ಣನೆಯ ಗಾಳಿಗೆ ಕಡಿಮೆ. 37 ಡಿಗ್ರಿಯಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 44 ಗ್ರಾಂ ನೀರಾವಿಯನ್ನು ಹೊರಬಲ್ಲದು, 27 ಡಿಗ್ರಿಗೆ ಇಳಿದರೆ ಸುಮಾರು 26 ಗ್ರಾಂ ಮಾತ್ರ. ಗಾಳಿಯನ್ನು ಹೊರಬಿಡುವ ಮೊದಲು ಹತ್ತು ಡಿಗ್ರಿ ತಣ್ಣಗೆ ಮಾಡಬಹುದಾದರೆ ಮಿಕ್ಕ 18 ಗ್ರಾಂ ದೇಹದಲ್ಲೇ ಉಳಿದಂತಾಯಿತು.

ಕುಚ್ಚಲಕ್ಕಿ ಗಂಜಿ ಬೇಯುವಾಗ ಪಾತ್ರೆಯ ಮುಚ್ಚಳ ಎತ್ತಿ ನೋಡಿದವರಿಗೆ ಇದು ಹೊಸದಲ್ಲ. ಒಳಗಿನ ಹಬೆ ಮೇಲೇರಿ, ತನಗಿಂತ ತಣ್ಣಗಿರುವ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ, ಹನಿ ಮತ್ತೆ ಪಾತ್ರೆಗೇ ಬೀಳುತ್ತದೆ. ಮುಚ್ಚಳ ತೆಗೆದಿಟ್ಟರೆ ನೀರು ಬೇಗ ಬತ್ತುತ್ತದೆ, ಮತ್ತೆ ನೀರು ಎರೆಯಬೇಕು. ಇಲಿಯ ಮೂಗು ಆ ಮುಚ್ಚಳದ ಕೆಲಸ ಮಾಡುತ್ತದೆ. ಆದರೆ ಮುಚ್ಚಳ ಅಲ್ಲಿ ತಣ್ಣಗಿರುವುದು ಹೇಗೆ?

ಉಸಿರು ಎಳೆದಾಗಲೇ ಅದರ ಏರ್ಪಾಡು ಆಗಿಬಿಡುತ್ತದೆ. ಒಳಬರುವ ಒಣಗಾಳಿ ಮೂಗಿನ ಒಳಪದರದ ತೇವವನ್ನು ಹೀರುತ್ತದೆ. ನೀರು ಆವಿಯಾಗುವಾಗ ಆ ಜಾಗದ ಬಿಸಿಯನ್ನೂ ಒಯ್ಯುವುದರಿಂದ ಪದರ ತಣ್ಣಗಾಗುತ್ತದೆ. ಮರುಕ್ಷಣದಲ್ಲಿ ಶ್ವಾಸಕೋಶದಿಂದ ಬಿಸಿಯಾದ, ತೇವ ತುಂಬಿದ ಗಾಳಿ ಅದೇ ದಾರಿಯಲ್ಲಿ ಹಿಂತಿರುಗುತ್ತದೆ. ಈಗ ತಾನೇ ತಣ್ಣಗಾದ ಪದರಕ್ಕೆ ಅದು ತಾಗಿದಾಗ ನೀರು ಹನಿಗಟ್ಟಿ ಅಲ್ಲೇ ಉಳಿಯುತ್ತದೆ. ಹೋಗುವಾಗ ಕೊಟ್ಟದ್ದನ್ನು ಬರುವಾಗ ವಾಪಸು ಪಡೆದಂತೆ. ಒಂದೇ ದಾರಿಯಲ್ಲಿ ಎದುರುಬದುರು ದಿಕ್ಕಿನ ಹರಿವು ನಡೆದಾಗ ಹೀಗೆ ಬಿಸಿ, ನೀರು, ಉಪ್ಪು ಯಾವುದನ್ನಾದರೂ ಹಿಂದಕ್ಕೆ ಹಿಡಿಯಬಹುದು. ಇಂಗ್ಲಿಷಿನಲ್ಲಿ ಇದು ಕೌಂಟರ್‌ಕರೆಂಟ್. ನಾವು ಎದುರುಹರಿವು ಎನ್ನೋಣ.

1964ರಲ್ಲಿ ಜಾಕ್ಸನ್ ಎಂಬ ಸಂಶೋಧಕ ಮತ್ತು ಕ್ನುಟ್ ಶ್ಮಿಟ್-ನೀಲ್ಸನ್ ಕಾಂಗರೂ ಇಲಿ ಹೊರಬಿಟ್ಟ ಉಸಿರಿನ ಬಿಸಿಯನ್ನು ಅಳೆದರು. ದೇಹ 38 ಡಿಗ್ರಿ ಇದ್ದರೂ ಉಸಿರು ಎಷ್ಟೋ ತಣ್ಣಗಿತ್ತು. ಸುತ್ತಲಿನ ಗಾಳಿ ಒಣಗಿದ್ದಾಗ ಒಳಗೆಳೆದ ಗಾಳಿಗಿಂತಲೂ ಹೊರಬಿಟ್ಟ ಗಾಳಿಯೇ ತಂಪಾಗಿತ್ತು. ಉಸಿರಿಗೆ ಸೇರಿಸಿದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಮೂಗಿನಲ್ಲೇ ಮರಳುತ್ತದೆ. ಹವೆ ತಂಪಿದ್ದಷ್ಟೂ ಮರಳುವ ಪಾಲು ಹೆಚ್ಚು. ರಾತ್ರಿಯಲ್ಲೇ ಇಲಿ ಯಾಕೆ ತಿರುಗುತ್ತದೆ ಎಂಬುದಕ್ಕೆ ಇದೂ ಒಂದು ಉತ್ತರ. ನಮ್ಮ ಮೂಗೂ ಸ್ವಲ್ಪ ಮಟ್ಟಿಗೆ ಇದನ್ನು ಮಾಡುತ್ತದೆ, ಆದರೆ ಅದರ ಹಾದಿ ಅಗಲ. ಇಲಿಯ ಮೂಗಿನೊಳಗೆ ಸುರುಳಿ ಸುತ್ತಿದ ಇಕ್ಕಟ್ಟಾದ ಓಣಿಗಳಿವೆ. ಗಾಳಿಯ ಪ್ರತಿ ಎಳೆಯೂ ಗೋಡೆಗೆ ತಾಗದೆ ಹೋಗಲಾರದು.

ಆಳಕ್ಕಿಳಿದಷ್ಟೂ ಉಪ್ಪು

ಮೂಗಿನಲ್ಲಿ ಕಂಡ ಎದುರುಹರಿವೇ ಮೂತ್ರಪಿಂಡದಲ್ಲಿ ಇನ್ನೊಂದು ವೇಷದಲ್ಲಿದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಜೀವಕೋಶಗಳಿಗೆ ಉಪ್ಪನ್ನು ಎತ್ತಿ ಆಚೆ ಹಾಕಲು ಬರುತ್ತದೆ, ನೀರನ್ನು ಹಾಗೆ ಎತ್ತಿ ಹಾಕಲು ಬರುವುದಿಲ್ಲ. ನೀರು ಬೇಕೆಂದರೆ ಉಪ್ಪನ್ನು ಮುಂದಿಟ್ಟು ಅದರ ಬೆನ್ನಿಗೆ ನೀರು ತಾನಾಗಿ ಬರುವಂತೆ ಮಾಡಬೇಕು. ಮೂತ್ರದಿಂದ ನೀರನ್ನು ಹಿಂದಕ್ಕೆ ಪಡೆಯಬೇಕಾದರೆ ಮೂತ್ರದ ನಳಿಗೆಯ ಹೊರಗೆ, ಮೂತ್ರಕ್ಕಿಂತ ಉಪ್ಪಾದ ಜಾಗವೊಂದು ಇರಬೇಕು. ಅಂಥ ಜಾಗವನ್ನು ಕಟ್ಟುವುದು ಹೇಗೆ? ಯಾವ ಜೀವಕೋಶಕ್ಕೂ ಒಂದೇ ಏಟಿಗೆ ಅಷ್ಟೊಂದು ಉಪ್ಪನ್ನು ರಾಶಿ ಹಾಕುವ ತಾಕತ್ತಿಲ್ಲ.

ಮೂತ್ರಪಿಂಡದೊಳಗೆ ಕೂದಲಿಗಿಂತ ತೆಳುವಾದ ನಳಿಗೆಗಳಿವೆ. ಪ್ರತಿ ನಳಿಗೆಯೂ ಒಂದು ಕಡೆ ಕೆಳಕ್ಕಿಳಿದು, ತಿರುವು ತೆಗೆದುಕೊಂಡು, ಇಳಿದ ದಾರಿಯ ಪಕ್ಕದಲ್ಲೇ ಮೇಲಕ್ಕೆ ಏರುತ್ತದೆ. ಜರ್ಮನಿಯ ಯಾಕೋಬ್ ಹೆನ್ಲೆ 1862ರಲ್ಲಿ ಇದನ್ನು ವರ್ಣಿಸಿದ, ಹಾಗಾಗಿ ಹೆನ್ಲೆಯ ಕೊಂಡಿ ಎಂದು ಹೆಸರು. ಅದು ಯಾಕಿದೆ ಎಂಬುದು ಆಮೇಲೆ 80 ವರ್ಷ ಯಾರಿಗೂ ಹೊಳೆಯಲಿಲ್ಲ. 1942ರಲ್ಲಿ ವರ್ನರ್ ಕೂನ್ ಎಂಬ ವಿಜ್ಞಾನಿ ಸುಳಿವು ಹಿಡಿದ.

ಏರುವ ತೋಳಿನ ಗೋಡೆ ಉಪ್ಪನ್ನು ಹೊರಕ್ಕೆ ತಳ್ಳುತ್ತದೆ, ನೀರನ್ನು ಮಾತ್ರ ಬಿಡುವುದಿಲ್ಲ. ತಳ್ಳಿದ ಉಪ್ಪು ಎರಡು ತೋಳುಗಳ ನಡುವಿನ ಜಾಗದಲ್ಲಿ ನಿಲ್ಲುತ್ತದೆ. ಇಳಿಯುವ ತೋಳಿನ ಗೋಡೆಯಿಂದ ನೀರು ಸರಾಗವಾಗಿ ಹೊರಬರುತ್ತದೆ. ಪಕ್ಕದಲ್ಲಿ ಉಪ್ಪು ಇರುವುದರಿಂದ ಅದು ನೀರು ಬಿಟ್ಟುಕೊಡುತ್ತ ಹೋಗುತ್ತದೆ, ಒಳಗೆ ಉಳಿದ ದ್ರವ ಕೆಳಗಿಳಿದಂತೆ ಗಟ್ಟಿಯಾಗುತ್ತದೆ. ಆ ಗಟ್ಟಿಯಾದ ದ್ರವವೇ ತಿರುವು ದಾಟಿ ಏರುವ ತೋಳಿಗೆ ಬರುತ್ತದೆ, ಅಲ್ಲಿ ಮತ್ತೆ ಅದರ ಉಪ್ಪು ಹೊರಬೀಳುತ್ತದೆ. ಒಂದೊಂದು ಮಟ್ಟದಲ್ಲಿ ಆಗುವ ಬದಲಾವಣೆ ತೀರ ಸಣ್ಣದು. ಆದರೆ ಎದುರುಬದುರು ಹರಿವಿನಿಂದಾಗಿ ಮೇಲಿನ ಮಟ್ಟದ ಗಳಿಕೆ ಕೆಳಗಿನ ಮಟ್ಟಕ್ಕೆ ಬಂಡವಾಳವಾಗುತ್ತದೆ. ಕೊಂಡಿಯ ಬುಡಕ್ಕೆ ಬರುವಷ್ಟರಲ್ಲಿ ಸುತ್ತಲಿನ ಜಾಗ ವಿಪರೀತ ಉಪ್ಪಾಗಿರುತ್ತದೆ. ತೀರ ಒಳತುದಿಯಲ್ಲಿ ಯೂರಿಯಾವೂ ಇದಕ್ಕೆ ಸೇರಿಕೊಳ್ಳುತ್ತದೆ.

ಇನ್ನು ಉಳಿದದ್ದು ಸುಲಭ. ಮೂತ್ರವನ್ನು ಹೊರಗೊಯ್ಯುವ ನಳಿಗೆ ಈ ಉಪ್ಪಿನ ನಾಡಿನ ನಡುವೆಯೇ ಮೇಲಿನಿಂದ ಕೆಳಕ್ಕೆ ಹಾದುಹೋಗುತ್ತದೆ. ಹಾದಿಯುದ್ದಕ್ಕೂ ನೀರು ಗೋಡೆ ದಾಟಿ ಆಚೆ ಹೋಗಿ, ಅಲ್ಲಿಂದ ರಕ್ತಕ್ಕೆ ಮರಳುತ್ತದೆ. ಮೂತ್ರ ಕೊನೆಗೆ ಎಷ್ಟು ಗಟ್ಟಿಯಾದೀತು ಎಂಬುದನ್ನು ನಿಶ್ಚಯಿಸುವುದು ಕೊಂಡಿಯ ಬುಡದ ಉಪ್ಪು. ಮೂತ್ರಪಿಂಡದ ಗಾತ್ರಕ್ಕೆ ಹೋಲಿಸಿದಾಗ ಕೊಂಡಿ ಉದ್ದವಾಗಿದ್ದಷ್ಟೂ ಆ ಉಪ್ಪು ಹೆಚ್ಚುತ್ತದೆ. ಮರುಭೂಮಿಯ ಇಲಿಯ ಮೂತ್ರಪಿಂಡವನ್ನು ಸೀಳಿ ನೋಡಿದರೆ ಈ ಕೊಂಡಿಗಳ ಗೊಂಚಲು ಒಳಗೆ ಹಿಡಿಸದೆ, ಮೂತ್ರನಾಳದೊಳಕ್ಕೆ ಚೂಪಾಗಿ ಚಾಚಿಕೊಂಡಿರುವುದು ಕಾಣುತ್ತದೆ.

ಫಲಿತಾಂಶ ಅಂಕಿಗಳಲ್ಲಿ ಹೀಗಿದೆ. ಮನುಷ್ಯನ ಮೂತ್ರ ರಕ್ತಕ್ಕಿಂತ ಹೆಚ್ಚೆಂದರೆ ನಾಲ್ಕು ಪಟ್ಟು ಗಾಢವಾಗಬಲ್ಲದು, ಅದರಲ್ಲಿ ಉಪ್ಪಿನ ಜೊತೆ ಯೂರಿಯಾಕ್ಕೂ ಜಾಗ ಬೇಕು. ಸಾಮಾನ್ಯ ಇಲಿಯದ್ದು ಒಂಬತ್ತು ಪಟ್ಟಿನಷ್ಟು, ಕಾಂಗರೂ ಇಲಿಯದ್ದು ಸುಮಾರು 15 ಪಟ್ಟು. ಆಸ್ಟ್ರೇಲಿಯಾದ ಜಿಗಿಯುವ ಇಲಿಯೊಂದರದು 25 ಪಟ್ಟು.

ಶ್ಮಿಟ್-ನೀಲ್ಸನ್ ದಂಪತಿ ಕಡಲನೀರಿನ ಪ್ರಯೋಗ ಮಾಡಿದ್ದು ಈ ಶಕ್ತಿಯನ್ನು ಒರೆಗೆ ಹಚ್ಚಲಿಕ್ಕೆ. 1950ರಲ್ಲಿ ಅದನ್ನು ಪ್ರಕಟಿಸಿದರು. ಇಲಿಗಳಿಗೆ ಬಾರ್ಲಿಯ ಬದಲು ಸೋಯಾ ಕಾಳು ಕೊಟ್ಟರು. ಸೋಯಾದಲ್ಲಿ ಪ್ರೋಟೀನ್ ಹೆಚ್ಚು, ಪ್ರೋಟೀನ್ ಉರಿದರೆ ಯೂರಿಯಾ ಹೆಚ್ಚು, ಅದನ್ನು ಹೊರಹಾಕಲು ಮೂತ್ರ ಹೆಚ್ಚು ಬೇಕು. ಹಾಗಾಗಿ ಸೋಯಾ ತಿಂದ ಕಾಂಗರೂ ಇಲಿಗೆ ಮೊದಲ ಬಾರಿಗೆ ನೀರಿನ ಅಗತ್ಯ ಬಿತ್ತು. ಕಡಲನೀರು ಕೊಟ್ಟರು. ಕುಡಿದವು, ಬದುಕಿದವು. ಅದೇ ಆಹಾರ, ಅದೇ ನೀರು ಕೊಟ್ಟ ಬಿಳಿ ಇಲಿಗಳು ಸತ್ತವು.

ಹಗಲಿಗೆ ಬಿಲ, ಇರುಳಿಗೆ ಬಯಲು

ಮೂಗು ಮತ್ತು ಮೂತ್ರಪಿಂಡ ಎಷ್ಟು ಜಾಣತನ ತೋರಿದರೂ ಇಲಿ ಹಗಲಿನಲ್ಲಿ ಹೊರಗಿದ್ದರೆ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಮರುಭೂಮಿಯ ಮರಳಿನ ಮೇಲ್ಮೈ 60 ಡಿಗ್ರಿ ದಾಟುತ್ತದೆ. ಪ್ರಾಣಿ ಸಣ್ಣದಾದಷ್ಟೂ ತೂಕದ ಲೆಕ್ಕದಲ್ಲಿ ಮೈಯ ಹೊರಮೈ ಹೆಚ್ಚು, ಬಿಸಿ ಬೇಗ ಒಳಗಿಳಿಯುತ್ತದೆ. ಬೆವರಿ ತಂಪಾಗೋಣವೆಂದರೆ ಆ ಜಮಾಖರ್ಚಿನಲ್ಲಿ ಬೆವರಿಗೆ ಕಾಸಿಲ್ಲ. ದಂಶಕಗಳ ಮೈಯಲ್ಲಿ ಬೆವರಿನ ವ್ಯವಸ್ಥೆಯೇ ಇಲ್ಲವೆನ್ನಬಹುದು. ಪ್ರಾಣ ಹೋಗುವಷ್ಟು ಕಾವು ಏರಿದಾಗ ಕಾಂಗರೂ ಇಲಿ ಜೊಲ್ಲು ಸುರಿಸಿ ಗದ್ದ, ಕುತ್ತಿಗೆ ಒದ್ದೆ ಮಾಡಿಕೊಳ್ಳುತ್ತದೆ. ಅದು ಕಟ್ಟಕಡೆಯ ಉಪಾಯ, ಬಹಳ ಹೊತ್ತು ನಡೆಯುವಂಥದ್ದಲ್ಲ.

ಬಿಲದೊಳಗೆ ಮಾತ್ರ ಬೇರೆಯೇ ಋತು. ಮೀಟರಿನಷ್ಟು ಆಳದಲ್ಲಿ ಹಗಲು ರಾತ್ರಿಗಳ ಏರಿಳಿತ ತಲುಪುವುದಿಲ್ಲ. ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡರೆ ಇಲಿಯ ಉಸಿರಿನ ತೇವ ಅಲ್ಲೇ ನಿಲ್ಲುತ್ತದೆ. ದಂಪತಿ ಸಂಶೋಧಕರು ಪುಟ್ಟ ಮಾಪಕಗಳನ್ನು ಇಲಿಗಳ ಬಾಲಕ್ಕೆ ಕಟ್ಟಿ ಬಿಲಕ್ಕೆ ಬಿಟ್ಟು ನೋಡಿದಾಗ, ಒಳಗಿನ ಗಾಳಿಯಲ್ಲಿ ಹೊರಗಿನದಕ್ಕಿಂತ ಹಲವು ಪಟ್ಟು ತೇವ ಕಂಡಿತು. ಬಿಲದಲ್ಲಿ ಕೂಡಿಟ್ಟ ಒಣ ಕಾಳು ಆ ತೇವವನ್ನು ಹೀರಿಕೊಳ್ಳುತ್ತದೆ, ನಾಳೆ ಇಲಿ ಅದನ್ನು ತಿನ್ನುತ್ತದೆ. ಉಸಿರಿನಲ್ಲಿ ಕಳೆದದ್ದು ಊಟದಲ್ಲಿ ಮರಳಿತು. ಮೂಗಿನಲ್ಲಿ, ಮೂತ್ರಪಿಂಡದಲ್ಲಿ, ಕೊನೆಗೆ ಮನೆ ಕಟ್ಟುವುದರಲ್ಲಿಯೂ ಇಲಿಯ ಜಾಣ್ಮೆ ಒಂದೇ. ನೀರು ಹೊರಹೋಗುವ ಬಾಗಿಲಲ್ಲೇ ನಿಂತು ಅದನ್ನು ವಾಪಸು ಪಡೆಯುವುದು.

ರಾತ್ರಿಯ ಬಯಲಿಗೆ ಅದರದೇ ಬೆಲೆಯಿದೆ. ಗೂಬೆ ಬರುತ್ತದೆ, ಹಾವು ಬರುತ್ತದೆ. ಕಾಂಗರೂ ಇಲಿ, ಜರ್ಬಿಲ್‌ಗಳ ತಲೆಬುರುಡೆಯಲ್ಲಿ ಕಿವಿಯ ಹಿಂದೆ ಉಬ್ಬಿದ ಟೊಳ್ಳುಗೂಡುಗಳಿವೆ. ತೀರ ತಗ್ಗಿದ ಸದ್ದನ್ನು ಹಿಡಿಯಲು ಅವು ನೆರವಾಗುತ್ತವೆ. ಎರಗುವ ಗೂಬೆಯ ರೆಕ್ಕೆಯ ಸದ್ದು, ಹಾವು ಕಚ್ಚಲು ಚಿಮ್ಮುವ ಕ್ಷಣದ ಸದ್ದು ಆ ಮಟ್ಟದ್ದೇ. 1960ರ ದಶಕದ ಆರಂಭದಲ್ಲಿ ವೆಬ್‌ಸ್ಟರ್ ಎಂಬ ವಿಜ್ಞಾನಿ ಕಾಂಗರೂ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ ತೋರಿಸಿದ. ಸದ್ದು ಕೇಳಿದ್ದೇ ಇಲಿ ಮೇಲಕ್ಕೆ ನೆಗೆಯುತ್ತದೆ, ಬೇಟೆ ತಪ್ಪುತ್ತದೆ.

ಮಳೆಗೆ ಸೋಲುವ ಇಲಿ

ಇಷ್ಟೆಲ್ಲ ಬಲ್ಲ ಪ್ರಾಣಿ ಕುಂದಾಪುರದ ಬೈಲಿಗೆ ಬಂದರೆ ಏನಾದೀತು? ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಧಾರವಾಡದಲ್ಲಿ ಅದರ ಐದನೇ ಒಂದು ಪಾಲು, ಜೈಸಲ್ಮೇರಿನಲ್ಲಿ ಸುಮಾರು 200 ಮಿಲಿಮೀಟರ್. ಮರುಭೂಮಿಯ ಇಲಿಯ ಬದುಕೆಲ್ಲ ಬಿಲದ ಮೇಲೆ ನಿಂತಿದೆ, ಬಿಲಕ್ಕೆ ನೀರು ನುಗ್ಗಿದರೆ ಅದರ ವಿದ್ಯೆಯೆಲ್ಲ ವ್ಯರ್ಥ.

ಎಲಿಯಟ್ ಬರೆದಿಟ್ಟದ್ದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಈ ಸಂಗತಿ. ಎರೆಭೂಮಿಯ ಬಿರುಕಿನಲ್ಲಿ ಬದುಕುವ ಮೆತ್ತನೆಯ ತುಪ್ಪಳದ ಇಲಿಗಳು ಪ್ರತಿ ವರ್ಷ ಮುಂಗಾರು ಹಿಡಿದಾಗ, ಬಿರುಕುಗಳು ಕುಸಿದು ಮುಚ್ಚಿಕೊಂಡು, ಗುಂಪುಗುಂಪಾಗಿ ಸಾಯುತ್ತವೆ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ. ಅವು ಎಷ್ಟು ಹೆಚ್ಚಿದವೆಂದರೆ, ಬಿತ್ತಿದ ಬೀಜ ಬಿತ್ತಿದ ಹಾಗೇ ಮಾಯವಾಯಿತು, ಅಳಿದುಳಿದ ಜೋಳದ ದಂಟು ಹತ್ತಿ ತೆನೆ ಕತ್ತರಿಸಿದವು. ಕಂದಾಯ ಕಟ್ಟಲಾಗದಷ್ಟು ಹೊಲಗಳು ಹಾಳಾದವು. ರೈತರು ವಡ್ಡರನ್ನು ಕರೆಸಿ ಡಜನ್ ಲೆಕ್ಕದಲ್ಲಿ ಇಲಿಗೆ ಇಷ್ಟು ಕಾಳೆಂದು ಕೊಟ್ಟು ಸಾವಿರಗಟ್ಟಲೆ ಕೊಲ್ಲಿಸಿದರೂ ಇಲಿ ಕಡಿಮೆಯಾದದ್ದು ಕಾಣಲಿಲ್ಲ. ಬರಗಾಲದ ಬೆನ್ನಿಗೆ ಇಲಿಯ ಕಾಟ ಬರುವುದನ್ನು ದೈವದ ಮುನಿಸು ಎಂದು ತಿಳಿಯುವ ಕಾಲದಲ್ಲಿ, ಅದರ ಕಾರಣ ಮಣ್ಣಿನ ಬಿರುಕಿನಲ್ಲಿದೆ ಎಂದು ಗುರುತಿಸಿದ್ದು ಒಳ್ಳೆಯ ವಿಜ್ಞಾನ.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಭತ್ತದ ಗದ್ದೆಗಳಲ್ಲಿ ಇಂಥ ಇಲಿಗಳ ಜಾಗ ಹೆಗ್ಗಣದ್ದು. ಅದು ಚೆನ್ನಾಗಿ ಈಜುತ್ತದೆ, ಗದ್ದೆಯಂಚಿನಲ್ಲಿ ಬಿಲ ತೋಡಿ ತೆನೆ ಕತ್ತರಿಸಿ ಒಳಗೆ ರಾಶಿ ಹಾಕುತ್ತದೆ. ಅದಕ್ಕೆ ನೀರು ಉಳಿಸುವ ಚಿಂತೆಯಿಲ್ಲ. ಬಿಲಕ್ಕೆ ನೀರು ಬಂದಾಗ ಪಾರಾಗುವ ಚಿಂತೆ.

ಬೆವರುವವರ ಲೆಕ್ಕ

ನಮ್ಮ ಮೂತ್ರಪಿಂಡದಲ್ಲಿಯೂ ಹೆನ್ಲೆಯ ಕೊಂಡಿಗಳಿವೆ, ಎದುರುಹರಿವೂ ಇದೆ. ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ, ಒಂದೂವರೆ ಲೀಟರ್ ಹೊರತು ಉಳಿದೆಲ್ಲವನ್ನೂ ನಮ್ಮ ಮೂತ್ರಪಿಂಡಗಳು ಹಿಂದಿರುಗಿಸುತ್ತವೆ. ಆದರೆ ಮನುಷ್ಯನ ಕೊಂಡಿಗಳಲ್ಲಿ ಆಳಕ್ಕಿಳಿಯುವ ಉದ್ದನೆಯವು ನೂರಕ್ಕೆ 15ರಷ್ಟು ಮಾತ್ರ. ಬಿಸಿಲಿಗೆ ನಮ್ಮ ಉತ್ತರ ಬೆವರು, ಅಂದರೆ ಧಾರಾಳವಾಗಿ ನೀರು ಚೆಲ್ಲುವುದು. ಕಷ್ಟದ ದುಡಿಮೆಯಲ್ಲಿ ಗಂಟೆಗೆ ಒಂದು ಲೀಟರ್ ಬೆವರು ಹರಿಯಬಹುದು. ಒಣ ಹವೆಯಲ್ಲಿ ಆ ಬೆವರು ಆರಿ ಮೈ ತಂಪಾಗುತ್ತದೆ. ಏಪ್ರಿಲ್, ಮೇ ತಿಂಗಳ ಕರಾವಳಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಬೆವರು ಆರುವುದಿಲ್ಲ, ಬರಿದೇ ಇಳಿದುಹೋಗುತ್ತದೆ. ನೀರೂ ನಷ್ಟ, ತಂಪೂ ಸಿಗಲಿಲ್ಲ. ಸುತ್ತ ಹಸಿರಿದೆ, ಹೊಳೆಯಿದೆ, ನಮಗೆ ನಿರ್ಜಲತೆ ಎಲ್ಲಿಂದ ಎಂಬ ಭಾವನೆ ಇಲ್ಲಿ ಅಪಾಯಕಾರಿ.

ಆದ್ದರಿಂದ ಬಿಸಿಲಿನಲ್ಲಿ ಗೇರುಬೀಜ ಹೆಕ್ಕುವವರು, ಕಲ್ಲುಕೋರೆಯಲ್ಲಿ ದುಡಿಯುವವರು, ರಸ್ತೆ ಕೆಲಸದವರು ಬಾಯಾರಿಕೆ ತಡೆದುಕೊಳ್ಳುವುದನ್ನು ಗಟ್ಟಿತನವೆಂದು ತಿಳಿಯಬೇಡಿ. ಮೂತ್ರ ಕಡು ಹಳದಿಯಾದರೆ ಮೂತ್ರಪಿಂಡ ತನ್ನ ಕೊನೆಯ ಮಿತಿಯತ್ತ ಸಾಗುತ್ತಿದೆ ಎಂದು ಅರ್ಥ. ಅಷ್ಟರವರೆಗೆ ಕಾಯದೆ, ಗಂಟೆಗೊಮ್ಮೆಯಾದರೂ ಕೆಲಸ ನಿಲ್ಲಿಸಿ ನೀರನ್ನೋ ಉಪ್ಪು ಹಾಕಿದ ಮಜ್ಜಿಗೆಯನ್ನೋ ಕುಡಿಯಿರಿ, ಜೊತೆಯವರಿಗೂ ಕುಡಿಸಿ.